ಇಸಳೂರಿನ ಅಂಗಳದಲ್ಲಿ ರಿಜ್ವಾನ್ ಚಹಾ

ಹಬ್ಬದ ಚಹಾಕ್ಕೆ ಬನ್ನಿ ಎಂದಷ್ಟೇ ಕರೆದಿದ್ದೆ. ಪಕ್ಕದ ಮನೆಯ ಗೀತಕ್ಕ ತೆಂಗಿನಕಾಯಿ, ಬಾಳೆಹಣ್ಣು ಹಿಡಿದು ಗೇಟಿನಲ್ಲಿ ನಿಂತು, "ದೇವ್ರನ್ನ ಎಲ್ಲಿ ಇಟ್ಟಿದ್ರಿ?" ಎಂದು ಕೇಳಿದರು. ಅಂಗಳದಲ್ಲಿದ್ದದ್ದು ಒಂದು ಮೇಜು, ಒಂದಿಷ್ಟು ಕುರ್ಚಿ, ಬುಟ್ಟಿ ತುಂಬ ದಾಸವಾಳ.

ಮೈಸೂರಿನ ಗೆಳತಿಯರೇ, ರಿಜ್ವಾನ್ ಎಂದರೇನೆಂದು ನಿಮಗೆ ಹೇಳಬೇಕಿಲ್ಲ. ಇಲ್ಲಿ ಪ್ರತಿ ಬಾಗಿಲಲ್ಲೂ ಹೇಳಬೇಕಾಯಿತು. ನಾವು ಬಹಾಯಿಗಳು, ನಮ್ಮ ಧರ್ಮದ ಸ್ಥಾಪಕರು ಗಡೀಪಾರಾಗಿ ಬಾಗ್ದಾದ್ ಬಿಡುವ ಮುನ್ನ ಗುಲಾಬಿ ತೋಟವೊಂದರಲ್ಲಿ ತಂಗಿ, ತಮ್ಮವರಿಗೆ ತಮ್ಮ ಸಂದೇಶ ತಿಳಿಸಿದರು, ಆ ನೆನಪಿಗೆ ಹೂವಿನ ನಡುವೆ ಕೂತು ಪ್ರಾರ್ಥನೆ, ಆಮೇಲೆ ಚಹಾ. ಮೈಸೂರಲ್ಲಾದರೆ ನೀವೆಲ್ಲ ಇರುತ್ತಿದ್ದಿರಿ. ಒಬ್ಬರು ಸಮೋಸ, ಒಬ್ಬರು ಕೇಕು ತಂದು, ಚಹಾ ಆರಿ ಹೋದರೂ ಹರಟೆ ಮುಗಿಯುತ್ತಿರಲಿಲ್ಲ. ಗಂಡನಿಗೆ ಶಿರಸಿಗೆ ವರ್ಗವಾಗಿ, ಪಕ್ಕದ ಇಸಳೂರಿನ ಈ ಬಾಡಿಗೆ ಮನೆಗೆ ಬಂದ ಮೇಲೆ ನಾವು ಮೂವರೇ: ಅವರು, ನಾನು, ಅತ್ತೆ. ನಮ್ಮವರು ಇನ್ನೊಬ್ಬರನ್ನು ಈ ಊರಲ್ಲಿ ನಾನಿನ್ನೂ ಕಂಡಿಲ್ಲ. ಅತ್ತೆಯಂತೂ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು: "ನೋಡಮ್ಮಾ, ಹಬ್ಬಕ್ಕೆ ನಾಲ್ಕು ಜನ ಬರದ ಊರಲ್ಲಿ ನಾನಿರಲ್ಲ. ಇದೊಂದು ರಿಜ್ವಾನ್ ನೋಡ್ತೀನಿ, ಆಮೇಲೆ ಮೈಸೂರಿಗೆ ಹೊರಟೆ."

ಅವರನ್ನು ಉಳಿಸಿಕೊಳ್ಳಲೆಂದೇ ಓಣಿಯ ವಾಟ್ಸಾಪ್ ಗುಂಪಿನಲ್ಲಿ ಆಹ್ವಾನ ಹಾಕಿದೆ. ಎಲ್ಲರೂ ಕೈಮುಗಿದ ಚಿತ್ರ ಕಳಿಸಿದರು, ಬರುತ್ತೇನೆಂದು ಒಬ್ಬರೂ ಹೇಳಲಿಲ್ಲ. ಸಪ್ಪೆ ಮುಖ ಹಾಕಿಕೊಂಡು ಗೀತಕ್ಕನನ್ನೇ ಕೇಳಿದೆ.

"ಮನೆಗೆ ಬಂದು ಕರೀದೇ ಹ್ಯಾಂಗೆ ಬರೂದು? ನೀವು ಸುದ್ದಿ ಹೇಳಿದ್ರಿ ಅಷ್ಟೇ" ಎಂದರು.

ಮೈಸೂರಲ್ಲಿ ಒಂದು ಫೋನ್ ಸಾಕಿತ್ತು. ಇಲ್ಲಿ ಒಳಗೆ ಹೋಗಿ ಕೂರಬೇಕು, 'ಆಸರಿಗೆ' ಎಂದು, ಅಂದರೆ ಬಾಯಾರಿಕೆಗೆಂದು, ಕೊಟ್ಟದ್ದನ್ನು ಕುಡಿಯಬೇಕು, ಎದ್ದು ಹೊರಡುವಾಗ ಮತ್ತೊಮ್ಮೆ ಬರಲೇಬೇಕು ಎನ್ನಬೇಕು. ಬಿಸಿಲಲ್ಲಿ ಮನೆ ಮನೆ ತಿರುಗಿದೆ. ಮಜ್ಜಿಗೆ, ಪಾನಕ, ಕಷಾಯ ಕುಡಿದು ಕುಡಿದು ಹೊಟ್ಟೆ ಉಬ್ಬರಿಸಿತು.

ಹಬ್ಬದ ದಿನ ಗೇಟಿನಲ್ಲಿ ಗೀತಕ್ಕನ ಪ್ರಶ್ನೆಗೆ ನಾನು ಪೆಚ್ಚಾಗಿ ನಿಂತಿದ್ದಾಗ ಅತ್ತೆಯೇ ಮುಂದೆ ಬಂದರು. "ನಮ್ಮಲ್ಲಿ ಪೂಜೆ ಇಲ್ಲಮ್ಮ, ಪ್ರಾರ್ಥನೆ ಮಾತ್ರ."

"ಅಡ್ಡಿಲ್ಲೆ, ಇಟ್ಕಳಿ. ಹಬ್ಬದ ಮನೆಗೆ ಕೈ ಬೀಸ್ಕೊಂಡು ಬರ್ಲಿಕ್ಕೆ ಆಗ್ತದಾ?" ಎಂದು ಗೀತಕ್ಕ ಕಾಯಿಯನ್ನು ಅವರ ಕೈಗಿಟ್ಟರು.

ಎದುರು ಮನೆಯ ಲಾರಿ ಚಾಲಕನ ಹೆಂಡತಿ ಮೆಹರುನ್ನೀಸಾ ಶಾವಿಗೆ ಖೀರಿನ ಡಬ್ಬಿ ಹಿಡಿದು ಬಂದಳು. "ನನ್ನ ತಮ್ಮ ರಿಜ್ವಾನನ ಹೆಸರಲ್ಲೇ ಹಬ್ಬ ಮಾಡ್ತೀರಂತಲ್ಲ ಅಕ್ಕಾ, ಬರದೇ ಇರ್ತೀನಾ?" ಎಂದು ನಕ್ಕಳು. ಒಬ್ಬೊಬ್ಬರೇ ಬಂದರು, ಕುರ್ಚಿ ಸಾಲದೆ ಚಾಪೆ ಹಾಸಿದೆವು.

ಅತ್ತೆ ಪ್ರಾರ್ಥನೆ ಹೇಳಿದರು. ಮೊದಲಿಗೆ ಸ್ವರ ನಡುಗಿತು, ಆಮೇಲೆ ನೆಟ್ಟಗಾಯಿತು. ಮುಗಿದ ಮೇಲೆ, "ಅಮ್ಮಾ, ಇನ್ನೊಂದ್ಸಲ ಹೇಳಿ. ಕೇಳಲೆ ಚೊಲೊ ಇದ್ದು" ಎಂದರು ಗೀತಕ್ಕ, ತಮ್ಮ ಮನೆಮಾತಿನಲ್ಲೇ. ಅತ್ತೆ ಮತ್ತೆ ಹೇಳಿದರು.

ಎಲ್ಲರೂ ಹೋದ ಮೇಲೆ ಅತ್ತೆ ಲೋಟಗಳನ್ನು ಒಟ್ಟುಮಾಡುತ್ತ, "ನಾಳೆ ಗೀತಾ ಮಾವಿನ ಮಿಡಿ ಉಪ್ಪಿನಕಾಯಿ ಹಾಕ್ತಾಳಂತೆ ಕಣೇ, ಹೋಗ್ಬೇಕು. ಮೈಸೂರಿಗೆ ಈಗ್ಯಾಕೆ ಬಿಡು" ಎಂದರು. ಗೆದ್ದೆನೆಂದು ಹಿಗ್ಗಬೇಕಿತ್ತು, ಹಿಗ್ಗಿದೆ ಕೂಡ. ಆದರೆ ಅಡುಗೆಮನೆಗೆ ಬಂದು ಲೋಟ ತೊಳೆಯಲು ನಿಂತಾಗ ಅಳು ಉಕ್ಕಿ ಬಂತು. ಅತ್ತೆ ಹೊರಟಿದ್ದರೆ, ಅವರನ್ನು ನೋಡಿಕೊಳ್ಳಬೇಕಲ್ಲ ಎಂದು ನಾನೂ ನಿಮ್ಮ ಹತ್ತಿರ ಬಂದುಬಿಡಬಹುದಿತ್ತು. ಬಿಸಿಲಲ್ಲಿ ಅಲೆದು ಆ ನೆವವನ್ನು ನಾನೇ ಕಳೆದುಕೊಂಡೆ.

"ಎಷ್ಟೊತ್ತೇ, ಬಾ. ಚಹಾ ಉಳಿದಿದೆ" ಎಂದು ಅತ್ತೆ ಹೊರಗಿನಿಂದ ಕೂಗಿದರು. ಕಣ್ಣೊರೆಸಿಕೊಂಡು ಹೋಗಿ ಅವರ ಪಕ್ಕದಲ್ಲಿ ಕೂತೆ. ಅವರು ಆಗಲೇ ತಮ್ಮ ಸ್ವಂತ ಮನೆಯ ಅಂಗಳದಲ್ಲಿ ಕೂತಂತಿದ್ದರು. ನಾನು ಇನ್ನೂ ಇಸಳೂರಿನ ಬಾಡಿಗೆ ಮನೆಯಲ್ಲಿದ್ದೆ.