ಬಿಂದಿಗೆಯನ್ನು ತಾರದ ಅಲೆ

ಮಕ್ಕಳೇ, ನಿಮ್ಮನ್ನು ಕೆರೆಯ ಹತ್ತಿರ ನಾನೇಕೆ ಬಿಡುತ್ತಿರಲಿಲ್ಲ ಎಂಬುದನ್ನು ಬಾಯಿಬಿಟ್ಟು ಹೇಳಲು ನನ್ನಿಂದಾಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಮುಂಚಿನ ಮಾತು. ಶಾಂತಿಗ್ರಾಮದ ಪಕ್ಕದ ನಮ್ಮೂರಿನಲ್ಲಿ ನಾನು ನಾಲ್ಕನೆಯ ತರಗತಿಯಲ್ಲಿದ್ದೆ. ಒಂದು ದಿನ ಮೇಷ್ಟ್ರು ಕೆರೆಯಲ್ಲಿ ಹೊಂಗೆ ಎಲೆ ತೇಲಿಬಿಟ್ಟು, ಅದರಾಚೆ ಕಲ್ಲೆಸೆದರು. ಅಲೆ ಬಂದು ದಡ ಮುಟ್ಟಿತು. ಎಲೆ ಎದ್ದು ಬಿದ್ದು ಇದ್ದಲ್ಲೇ ಉಳಿಯಿತು. "ನೀರು ಬರಾಕಿಲ್ಲ, ಅದರ ಅಲುಗಾಟ ಮಾತ್ರ ಬತ್ತದೆ" ಎಂದರು.

ಆ ವರ್ಷವೇ ಅಣ್ಣನ ಮದುವೆಯಾಯಿತು. ಅತ್ತಿಗೆ ಹೊಳೆನರಸೀಪುರದವಳು, ಹರಿಯುವ ನೀರಿನ ಪಕ್ಕ ಬೆಳೆದವಳು. ಅಮ್ಮನ ತವರಿನ ಹಿತ್ತಾಳೆ ಬಿಂದಿಗೆಗೆ ಹೊಸದಾಗಿ ಬೆಸುಗೆ ಹಾಕಿಸಿದ್ದರು. ಬೆಸುಗೆ ಹಾಕಿದ ಪಾತ್ರೆಯನ್ನು ಬರಿದಾಗಿ ತೇಲಿಸಿ, ಒಳಗೆ ನೀರು ಜಿನುಗುತ್ತದೆಯೇ ಎಂದು ನೋಡುವುದು ನಮ್ಮಲ್ಲಿ ರೂಢಿ. ಅತ್ತಿಗೆ ನನ್ನನ್ನು ಕರೆದುಕೊಂಡು ಕೆರೆಗೆ ಹೋಗಿ ತೇಲಿಸಿದಳು. ಬಿಂದಿಗೆ ಕೈತಪ್ಪಿ ಒಳಕ್ಕೆ ಸರಿಯಿತು.

ಅವಳು ಅದರಾಚೆಗೆ ಕಲ್ಲೆಸೆಯತೊಡಗಿದಳು.

"ನಿನ್ ಗಂಡನಂಗೇ ಕಣವ್ವ, ಕರೆದ್ರೆ ಬರಾಕಿಲ್ಲ" ಎಂದು ಪಕ್ಕದಲ್ಲಿ ಬಟ್ಟೆ ಒಗೆಯುತ್ತಿದ್ದ ಊರಿನ ಅಜ್ಜಿಯೊಬ್ಬಳು ನಕ್ಕಳು.

"ತಡಿ ಅಜ್ಜಿ, ಅಲೆ ತತ್ತದೆ. ನಮ್ಮೂರ್ ಹೊಳೇಲಿ ಬಿಟ್ಟಿದ್ದೆಲ್ಲ ಕೆಳಗಿನ ಮೆಟ್ಟಿಲಿಗೆ ಬತ್ತದೆ."

ಅಲೆಗಳು ನನ್ನ ಪಾದಕ್ಕೆ ಬಂದವು. ಬಿಂದಿಗೆ ತಲೆಯಾಡಿಸುತ್ತಾ ಅಲ್ಲೇ ನಿಂತಿತ್ತು. ಬರುವುದಿಲ್ಲವೆಂದು ನನಗೆ ಗೊತ್ತಿತ್ತು. ದೊಡ್ಡವರ ಮುಂದೆ, ಅದೂ ಹೊಸ ಅತ್ತಿಗೆಗೆ, ಹೇಗೆ ಹೇಳುವುದು? ಲಂಗದ ಅಂಚನ್ನು ಹಿಂಡುತ್ತಾ ನಿಂತೆ.

"ಒಸಿ ಹತ್ರಕ್ ಬಂದದೆ ಅಲ್ವೇನೇ?" ಎಂದು ನನ್ನನ್ನೇ ಕೇಳಿದಳು.

ನಾನು ಹೌದೆಂದು ತಲೆಯಾಡಿಸಿಬಿಟ್ಟೆ.

"ಬರಿಗೈಲಿ ಹೋದ್ರೆ ನಿಮ್ಮವ್ವ ನನ್ನ ಬಿಟ್ಟಾರಾ?" ಎಂದವಳೇ ಸೆರಗು ಸಿಕ್ಕಿಸಿಕೊಂಡು ಇಳಿದಳು. ಮೊಣಕಾಲು, ಸೊಂಟ, ಎದೆ. ಅಲ್ಲಿಂದ ಮುಂದೆ ಊರಿನವರು ಹೊಲಕ್ಕೆಂದು ಹೂಳು ತೆಗೆದ ಗುಂಡಿ. ಅವಳಿಗೆ ಅದು ತಿಳಿಯದು. ಅವಳು ಕೂಗಲಿಲ್ಲ. ತಲೆ ಇದ್ದ ಕಡೆಯಿಂದ ದುಂಡಗೆ ಅಲೆಗಳೆದ್ದು, ಒಂದರ ಹಿಂದೊಂದು ನನ್ನ ಪಾದಕ್ಕೆ ಬಂದು ತಟ್ಟಿದವು. ಅಲೆಗಳು ಮಾತ್ರ ಬಂದವು.

ಅಜ್ಜಿ ಊರ ಕಡೆ ಓಡಿದಳು. ಗಂಡಸರು ಬರುವ ಹೊತ್ತಿಗೆ ನೀರು ಕನ್ನಡಿಯಂತಾಗಿತ್ತು.

ಸಂಜೆ ಗಾಳಿ ಬೀಸಿತು. ಬಿಂದಿಗೆ ತಾನಾಗಿ ದಡಕ್ಕೆ ಬಂದು ಕಲ್ಲಿಗೆ ತಾಗುತ್ತಿತ್ತು. ಒಳಗೆ ಒಂದು ಹನಿ ನೀರಿರಲಿಲ್ಲ. ಅಮ್ಮ ಅದನ್ನು ಹುಣಿಸೆಹಣ್ಣು ಹಚ್ಚಿ ಬೆಳಗಿ, ಅಡುಗೆಮನೆಯಲ್ಲಿಟ್ಟರು. ನನ್ನ ಮದುವೆಯಾಗುವವರೆಗೂ ನಾನು ಅದರ ನೀರನ್ನೇ ಕುಡಿದೆ.