ಹಳೆಯ ಬಟ್ಟೆಯನ್ನೇ ಏಕೆ ಕಟ್ಟಬೇಕು

ನನಗೊಂದು ಕೆಟ್ಟ ಚಾಳಿ. ಯಾರಾದರೂ ಹೀಗೆ ಮಾಡು ಎಂದರೆ ಯಾಕೆ ಎಂದು ಕೇಳದೆ ನನ್ನ ಕೈ ಏಳುವುದಿಲ್ಲ. ಕೇಳಿದ್ದಕ್ಕೆ ಉತ್ತರ ಬರದಿದ್ದರೆ ಸಿಟ್ಟು ಬರುತ್ತದೆ. ಸಿಟ್ಟು ಬಂದರೆ ಉತ್ತರವನ್ನು ನಾನೇ ಹುಟ್ಟಿಸಿಕೊಳ್ಳುತ್ತೇನೆ. ಹಾಗೆ ಹುಟ್ಟಿಸಿಕೊಂಡ ಉತ್ತರಗಳಲ್ಲಿ ಹೆಚ್ಚಿನವು ಯಾರಿಗೂ ತೊಂದರೆ ಮಾಡಿಲ್ಲ. ಒಂದೇ ಒಂದು ನನ್ನ ಗಂಡನ ಬಲಗೈಗೆ ಬಂತು.

ಅದು ಸಂಸ್ಥಾನಗಳ ಕಾಲ. ನನ್ನ ತವರು ಬನಹಟ್ಟಿ, ಜಮಖಂಡಿ ಸಂಸ್ಥಾನದ್ದು. ಕೊಟ್ಟ ಮನೆ ರಬಕವಿ, ಸಾಂಗಲಿ ಸಂಸ್ಥಾನದ್ದು. ಅರ್ಧ ತಾಸು ನಡೆದು ರಾಜನನ್ನೇ ಬದಲು ಮಾಡಿದ ಮಗಳು ಎಂದು ನಮ್ಮಪ್ಪ ನನ್ನನ್ನು ಚೇಷ್ಟೆ ಮಾಡುತ್ತಿದ್ದರು. ರಾಜರು ಬೇರೆಯಾದರೂ ಮಗ್ಗ ಒಂದೇ. ಎರಡೂ ಊರುಗಳ ನೇಕಾರ ಓಣಿಗಳಲ್ಲಿ ಬೆಳಗಾದರೆ ಲಾಳಿಯ ಸಪ್ಪಳ. ಗಂಡನ ಹೆಸರು ಹೇಳುವ ರೂಢಿ ನಮ್ಮಲ್ಲಿರಲಿಲ್ಲ. ಇಲ್ಲಿಯೂ ಅವರು ಬರೀ ‘ಅವರು’ ಎಂದೇ ಇರಲಿ.

ನಮ್ಮ ಮನೆಯಲ್ಲಿದ್ದದ್ದು ನೆಲದಲ್ಲಿ ತಗ್ಗು ತೋಡಿ ಕಾಲು ಇಳಿಬಿಟ್ಟು ಕೂರುವ ಮಗ್ಗ. ಬಲಗೈಯಿಂದ ಹಗ್ಗ ಜಗ್ಗಿದರೆ ಲಾಳಿ ಆ ಬದಿಯಿಂದ ಈ ಬದಿಗೆ ಹಾರುತ್ತದೆ. ಆ ಜಗ್ಗುವುದರಲ್ಲೇ ನೇಕಾರನ ಎಲ್ಲ ಚಂದ ಇರುವುದು. ಅವರ ಸೀರೆಯ ಅಂಚು ಓಣಿಯಲ್ಲೇ ಹೆಸರಾಗಿತ್ತು. ಮದುವೆಯಾದ ಹೊಸದರಲ್ಲಿ ನಾನು ಒಲೆಯ ಮುಂದೆ ಕೂತು, ಅವರ ಮಗ್ಗದ ಸಪ್ಪಳ ಕೇಳುತ್ತ, ಇದು ನನ್ನ ಗಂಡನ ಕೈ ಎಂದು ಒಳಗೊಳಗೇ ಬೀಗುತ್ತಿದ್ದೆ.

ಒಂದು ಬೆಳಿಗ್ಗೆ ಓಣಿಯಲ್ಲಿ ಮಗ್ಗಕ್ಕೇರಿಸುವ ಹಾಸಿನ ನೂಲು ಉದ್ದಕ್ಕೆ ಕಟ್ಟಿ ಗಂಜಿ ಹಚ್ಚುತ್ತಿದ್ದೆವು. ಬಿಸಿಲೇರುವ ಮೊದಲೇ ಮುಗಿಯಬೇಕಾದ ಕೆಲಸ ಅದು. ಮನೆಮಂದಿಯೆಲ್ಲ ಹೊರಗಿದ್ದೆವು. ಯಾರದೋ ಹೋರಿ ಹಗ್ಗ ಹರಿದುಕೊಂಡು ಓಣಿಗೆ ನುಗ್ಗಿತು. ನಾವೆಲ್ಲ ಕಟ್ಟೆ ಹತ್ತಿದೆವು. ಅವರೊಬ್ಬರು ಮಾತ್ರ ನೂಲಿಗೆ ಅಡ್ಡ ಹೋಗಿ ನಿಂತು, ಹುಯ್ ಹುಯ್ ಎನ್ನುತ್ತ, ಚೆಲ್ಲಿದ ಗಂಜಿಯ ಮೇಲೆ ಕಾಲು ಜಾರಿ ಬಲಗೈ ಊರಿ ಬಿದ್ದರು. ಹೋರಿ ಬಂದಂತೆಯೇ ಹೋಯಿತು. ನೂಲಿನ ಒಂದು ಎಳೆಯೂ ಹರಿದಿರಲಿಲ್ಲ. ಮುಂಗೈ ಮಾತ್ರ ಸೊಟ್ಟಗಾಗಿ ಜೋತುಬಿದ್ದಿತ್ತು.

ಜಮಖಂಡಿಯ ದವಾಖಾನೆಗೆ ಚಕ್ಕಡಿ ಹೂಡಲು ಮಾವ ಓಡಿದರು. ಅತ್ತೆ ಮಾವನನ್ನು ತಡೆದು ಹೇಳಿದರು:

“ಚಕ್ಕಡಿ ಕುಲುಕಿಗೆ ಕೈ ಇನ್ನಷ್ಟ ಹಾಳಾಗತೈತಿ. ಮೊದಲ ಕುರಿಗಾರ ಆಯಿನ ಕರೀರಿ. ಎಲುಬ ಕೂಡಿಸಿ ಕಟ್ಟಲಿ, ಆಮ್ಯಾಲೆ ಬೇಕಾದಲ್ಲಿ ಹೋಗ್ರಿ.”

ಆಯಿ ಎಂದರೆ ಅಜ್ಜಿ. ಬೀರಪ್ಪ ದೇವರ ಒಕ್ಕಲಿನ, ಕುರಿ ಕಾಯುವ ಮನೆತನದ ಹಿರಿಯಳು. ಜೋಳದ ಸುಗ್ಗಿ ಮುಗಿದ ಮೇಲೆ ಅವರ ಹಿಂಡು ಹೊಳೆದಂಡೆಯ ಹೊಲಗಳಲ್ಲಿ ತಿಂಗಳುಗಟ್ಟಲೆ ಬೀಡುಬಿಡುತ್ತಿತ್ತು. ಹೊಲಕ್ಕೆ ಗೊಬ್ಬರ, ಊರಿಗೆ ವೈದ್ಯ, ಎರಡೂ ಒಟ್ಟಿಗೆ ಬರುತ್ತಿದ್ದವು. ಎಲುಬು ಮುರಿದವರು, ಕೀಲು ತಪ್ಪಿದವರು ಎಲ್ಲರೂ ಅವಳ ಬಳಿ ಹೋಗುತ್ತಿದ್ದರು. ಅವಳು ಯಾರಿಂದಲೂ ಏನೂ ಮುಟ್ಟುತ್ತಿರಲಿಲ್ಲ. ಬೀರಪ್ಪನಿಗೆ ಒಂದು ಕಾಯಿ ಒಡೆದರೆ ಮುಗಿಯಿತು.

ಬಂದವಳೇ ಆಯಿ ಅವರ ಮುಂದೆ ಕುಕ್ಕರಗಾಲಲ್ಲಿ ಕೂತು ಕಣ್ಣು ಮುಚ್ಚಿದಳು. ಬೆರಳ ತುದಿಗಳು ಮುಂಗೈ ಮೇಲೆ ಇರುವೆಯಂತೆ ಹರಿದಾಡಿದವು. ನನಗೆ ತಡೆಯಲಾಗಲಿಲ್ಲ.

“ಕಣ್ಣ ಯಾಕ ಮುಚ್ಚತೀರಿ ಆಯಿ?”

ಅತ್ತೆ ನನ್ನತ್ತ ಕಣ್ಣು ಬಿಟ್ಟರು. ಆಯಿ ಮಾತ್ರ ಕಣ್ಣು ತೆರೆಯದೆಯೇ ಉತ್ತರ ಕೊಟ್ಟಳು.

“ಬಾವು ನೋಡಿದ್ರ ಅಂಜಿಕಿ ಬರತೈತಿ ಯವ್ವಾ. ಎಲುಬು ಬಾವಿನ ಒಳಗ ಐತಿ. ಅದನ್ನ ಬೆರಳಲೇ ನೋಡಬೇಕು. ಸಣ್ಣಾಕಿ ಇದ್ದಾಗ ಕುರಿ ಕಾಲು ಕಟ್ಟಿ ಕಟ್ಟಿ ಕಲತೇನಿ. ಕುರಿ ಎಲ್ಲಿ ನೋವಂತ ಹೇಳತೈತೇನು?”

ಹೇಳುತ್ತ ಹೇಳುತ್ತಲೇ ಒಮ್ಮೆ ಜಗ್ಗಿದಳು. ಅವರು ಕೂಗಿದ್ದು ಓಣಿಗೆಲ್ಲ ಕೇಳಿಸಿತು. ಕೈ ನೆಟ್ಟಗಾಗಿತ್ತು. ಉದ್ದಿನ ಹಿಟ್ಟು ಕಲಸಿ ಬಳಿದಳು. “ಬ್ಯಾರೆ ಮನ್ಯಾಗಾದ್ರ ಕೋಳಿ ತತ್ತೀನೂ ಹಾಕತೇನಿ. ನಿಮ್ಮ ಮನಿ ಒಲ್ಯಾಗ ಅದು ನಡೆಯೂದಿಲ್ಲ, ಬರೇ ಹಿಟ್ಟ ಇರಲಿ” ಎಂದಳು. ನಾಲ್ಕು ಬಿದಿರಿನ ಸೀಳು ಇಟ್ಟಳು. ಕಟ್ಟಲು ಹಳೆಯ ಬಟ್ಟೆ ಕೇಳಿದಳು. ಅತ್ತೆ ಒಳಗಿನಿಂದ ಹರಿದ ಧೋತರ ತಂದು ಕೊಟ್ಟರು.

“ಹೊಸಾದು ಕೊಡಲೇನು ಆಯಿ? ನಮ್ಮದು ನೇಕಾರ ಮನಿ, ಬಟ್ಟಿಗೇನ ಬರ?” ಎಂದು ನಾನು ಕೇಳಿದೆ.

“ಹಳೇದ ಬೇಕು. ಒಗದ ಒಗದ ಸವದಿರಬೇಕು.”

“ಯಾಕ?”

“ನಮ್ಮ ಮುತ್ಯಾ ಹಂಗ ಹೇಳಿದ್ದ. ನಾವು ಹಂಗ ಮಾಡ್ಕೋಂತ ಬಂದೇವಿ.”

ಹೋಗುವಾಗ ಬೀರಪ್ಪನ ಅರಿಶಿನ ಭಂಡಾರವನ್ನು ಚಿಟಿಕೆಯಷ್ಟು ಅವರ ಹಣೆಗೆ ಹಚ್ಚಿ, ಐದನೆಯ ದಿನ ಮೇಲಿನ ಬಟ್ಟೆಯನ್ನಷ್ಟೇ ಬಿಚ್ಚಿ ಬೇರೆ ಹಳೆಯ ಬಟ್ಟೆ ಕಟ್ಟಬೇಕು, ಬಿದಿರನ್ನು ಮುಟ್ಟಬಾರದು, ಲಕ್ಕಿ ಗಿಡದ ಎಲೆ ಕುದಿಸಿದ ನೀರನ್ನು ದಿನಕ್ಕೆರಡು ಸಲ ಹನಿಸಬೇಕು ಎಂದು ನನಗೇ ಹೇಳಿದಳು. ಬೆರಳು ತಣ್ಣಗಾದರೆ ಕೂಡಲೇ ಕರೆಯಬೇಕು ಎಂದಳು.

ಕಣ್ಣು ಮುಚ್ಚುವುದಕ್ಕೆ ಕಾರಣ ಹೇಳಿದವಳು ಬಟ್ಟೆಗೆ ಮಾತ್ರ ಹೇಳಲಿಲ್ಲವಲ್ಲ ಎಂದು ನನಗೆ ಇರಿಸುಮುರಿಸಾಯಿತು. ಕೊನೆಗೆ ಕಾರಣವನ್ನು ನಾನೇ ಕಂಡುಕೊಂಡೆ. ಅಡವಿಯಲ್ಲಿ ಕುರಿಯ ಜೊತೆ ಇರುವವರಿಗೆ ಹೊಸ ಬಟ್ಟೆ ಎಲ್ಲಿಂದ ಬರಬೇಕು? ಅವಳ ಅಜ್ಜ ಮುತ್ಯಾನ ಬಳಿ ಹಳೆಯದೇ ಇತ್ತು, ಹಳೆಯದನ್ನೇ ಕಟ್ಟಿದ, ಅದೇ ಶಾಸ್ತ್ರವಾಯಿತು. ಎಷ್ಟು ಚೊಕ್ಕ ಉತ್ತರ! ನನ್ನ ಬುದ್ಧಿಗೆ ನಾನೇ ಭೇಷ್ ಅಂದುಕೊಂಡೆ.

ನಡುವೆ ನನ್ನ ತವರಿನ ಕಡೆಯ ಹೆಂಗಸರು ನೋಡಲು ಬಂದರು. ಅವರಲ್ಲೊಬ್ಬಳು ಆ ಧೋತರದ ತೂತಿನಲ್ಲಿ ಬೆರಳು ಹಾಕಿ, “ಅಂಚಿನ ಸೀರಿ ನೇಯೂ ಕೈಗೆ ಚಿಂದಿ ಕಟ್ಟೀಯಲ್ಲ!” ಎಂದು ನಕ್ಕಳು. ಮೈಯೆಲ್ಲ ಉರಿದುಹೋಯಿತು.

ಐದನೆಯ ದಿನ ಬಂತು. ಅತ್ತೆ ಗುಡಿಗೆ ಹೋಗಿದ್ದರು. ಮಗ್ಗದಿಂದ ಇಳಿಸಿದ್ದ ಹೊಸ ಬಟ್ಟೆಯ ಕೊನೆಯ ತುಂಡೊಂದು ಗೂಟದ ಮೇಲಿತ್ತು. ನೀರು ಕಾಣದ್ದು, ಗಂಜಿಯ ವಾಸನೆ ಇನ್ನೂ ಹೋಗಿರಲಿಲ್ಲ. ಅದನ್ನೇ ಅಗಲ ಪಟ್ಟಿಯಾಗಿ ಸೀಳಿ, ನೆರಿಗೆ ಬೀಳದಂತೆ ಅಚ್ಚುಕಟ್ಟಾಗಿ ಸುತ್ತಿದೆ. ಅವರು ನೋಡಿ, “ಭಾಳ ಛಲೋ ಕಟ್ಟಿದಿ ಬಿಡು” ಎಂದರು. ಮೇಲೆ ಲಕ್ಕಿ ನೀರು ಹನಿಸಿದೆ. ಆ ಹೊತ್ತಿನಲ್ಲಿ ನನ್ನಷ್ಟು ಸುಖಿ ಊರಲ್ಲಿ ಯಾರೂ ಇರಲಿಲ್ಲ.

ಬಿಸಿಲು ನೆತ್ತಿಗೆ ಬರುವಷ್ಟರಲ್ಲಿ ಅವರು ಕೈ ಜೋಮು ಹಿಡಿದಿದೆ ಎಂದರು. ಎಲುಬು ಕೂಡುತ್ತಿರಬೇಕು ಎಂದು ನಾನು ಸಮಾಧಾನ ಹೇಳಿದೆ. ಇನ್ನೊಂದು ಸಲ ನೀರು ಹನಿಸಿದೆ. ಮಧ್ಯಾಹ್ನದ ಊಟಕ್ಕೆ ಕರೆದಾಗ ಅವರ ಬೆರಳುಗಳು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿದ್ದವು. ಮುಟ್ಟಿದೆ. ತಣ್ಣಗಿದ್ದವು. ಬಿಚ್ಚಲು ಹೋದರೆ ಗಂಟು ಕಲ್ಲಾಗಿತ್ತು. ನಾನು ಸೆರಗು ಸಿಕ್ಕಿಸಿಕೊಂಡು ಹೊಳೆದಂಡೆಗೆ ಓಡಿದೆ. ಸೊಸೆಯಾದವಳು ಓಣಿಯಲ್ಲಿ ಹಾಗೆ ಓಡಿದ್ದನ್ನು ಊರು ಬಹಳ ದಿನ ಆಡಿಕೊಂಡಿತು.

ಆಯಿ ಉಣ್ಣುತ್ತಿದ್ದ ರೊಟ್ಟಿ ಬಿಟ್ಟು ಬಂದಳು. ಕುರಿಯ ಉಣ್ಣೆ ಕತ್ತರಿಸುವ ಕತ್ತರಿಯಿಂದ ಬಟ್ಟೆಯನ್ನು ಕತ್ತರಿಸಿದಳು. ಅವರ ಉಗುರುಗಳನ್ನು ಒಂದೊಂದಾಗಿ ಒತ್ತಿ ಬಿಟ್ಟು ನೋಡುತ್ತ ಕೂತಳು. ಹೆಬ್ಬೆರಳು, ಮುಂದಿನ ಎರಡು ಬೆರಳು ನಿಧಾನವಾಗಿ ಕೆಂಪಗಾದವು. ಕೊನೆಯ ಎರಡು ಬೆರಳಿಗೆ ರಕ್ತ ತಡವಾಗಿ ಬಂತು.

“ಯಾರ ಕಟ್ಟಿದ್ರು?”

“ನಾನ, ಆಯಿ.”

ನೆಲದ ಮೇಲೆ ಬಿದ್ದ ಬಟ್ಟೆಯನ್ನು ಅವಳು ಬೆರಳಲ್ಲಿ ಉಜ್ಜಿದಳು, ಮೂಸಿದಳು. ಈಗ ಶಾಪ ಹಾಕುತ್ತಾಳೆ ಎಂದು ನಾನು ಕಣ್ಣು ಮುಚ್ಚಿ ನಿಂತೆ. ಹಾಕಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವಳು ಕೇಳಿದ್ದೇ ಬೇರೆ.

“ಇದರ ತುಂಡು ಇನ್ನೊಂದು ಐತೇನು?”

ಇತ್ತು. ಸೀಳಿ ಉಳಿದಿದ್ದ ಆ ಪಟ್ಟಿಯನ್ನು ಆಯಿ ಗೇಣಿನಲ್ಲಿ ಅಳೆದಳು. ಐದು ಗೇಣು. ಲಕ್ಕಿ ನೀರಿನಲ್ಲಿ ಅದ್ದಿ, ಹಿಂಡಿ, ಅಂಗಳದ ಕಾದ ಕಲ್ಲಿನ ಮೇಲೆ ಹಾಸಿದಳು. ಅದು ಒಣಗುವವರೆಗೆ ಅವರ ಬೆರಳುಗಳನ್ನು ತೀಡುತ್ತ ಕೂತಳು, ಅಷ್ಟರಲ್ಲಿ ಅತ್ತೆಯೂ ಗುಡಿಯಿಂದ ಬಂದರು. ಒಣಗಿದ ಮೇಲೆ ಮತ್ತೆ ಅಳೆದಳು. ನಾಲ್ಕು ಬೆರಳು ಕಡಿಮೆ ಬಂತು. ಆ ಮುಖದಲ್ಲಿ ಮೂಡಿದ ಬೆರಗನ್ನು ನಾನು ಈಗಲೂ ಮರೆತಿಲ್ಲ. ನನ್ನಂಥವಳೇ ಇನ್ನೊಬ್ಬಳು ಅಲ್ಲಿ ಕೂತಂತೆ ಕಂಡಿತು.

“ಮುತ್ಯಾ ಇದಕ್ಕ ಹೇಳಿದ್ದ ಹಂಗಾರ! ಇಷ್ಟ ವರ್ಷ ಹಳೇದು ಹಳೇದು ಅಂತ ಬಡಕೊಂಡೆ, ಯಾಕಂತ ಇವತ್ತ ತಿಳೀತು ನೋಡು.”

ಅತ್ತೆ ಹಣೆ ಹಣೆ ಬಡಿದುಕೊಂಡರು. “ಹೊಸ ಬಟ್ಟಿ ನೀರಿಗೆ ಕುಗ್ಗೂದು ಯಾರಿಗೆ ಗೊತ್ತಿಲ್ಲ? ಅದಕ್ಕಂತನ ನಾವು ಸೀರಿ ಒಂದ ಗೇಣು ಹೆಚ್ಚಿಗಿ ನೇಯತೇವಿ!”

ನನಗೂ ಗೊತ್ತಿತ್ತು. ನಡೆಯಲು ಕಲಿತಾಗಿನಿಂದ ಗೊತ್ತಿತ್ತು. ಸೀರೆಯ ಮಾತು ಬಂದಾಗ ನೆನಪಾಗುವ ಸಂಗತಿ ಕೈಗೆ ಕಟ್ಟುವಾಗ ನೆನಪಾಗಲಿಲ್ಲ. ಹಳೆಯದೇ ಇರಲಿ ಎನ್ನುವುದು ಕುರಿಗಾರರ ಬಳಿ ಇತ್ತು, ಯಾಕೆ ಎನ್ನುವುದು ನೇಕಾರರ ಬಳಿ ಇತ್ತು. ತಲೆತಲಾಂತರದಿಂದ ಒಂದೇ ಊರಿನ ನೀರು ಕುಡಿದರೂ ಅವೆರಡೂ ಭೇಟಿಯಾಗಿರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುವುದು ನನಗೆಂದೇ ಹುಟ್ಟಿದ ಗಾದೆ.

ಆಯಿ ಹಳೆಯ ಧೋತರವನ್ನೇ ಮತ್ತೆ ಸಡಿಲಾಗಿ ಕಟ್ಟಿ, ಜಮಖಂಡಿಗೂ ತೋರಿಸಿರಿ ಎಂದು ತಾನೇ ಹೇಳಿದಳು. ಮರುದಿನ ಹೋದೆವು. ಎಲುಬು ಸರಿಯಾಗಿ ಕೂತಿದೆ, ಹಾಗೇ ಇರಲಿ, ಬೆರಳಿನ ಮಾತು ಈಗಲೇ ಹೇಳಲಾಗದು ಎಂದರು ಡಾಕ್ಟರು. ಕಟ್ಟು ಬಿಚ್ಚಿದ ದಿನ ಅವರು ಮಗ್ಗದ ಮುಂದೆ ಕೂತು ಹಗ್ಗ ಹಿಡಿದರು. ಕೊನೆಯ ಎರಡು ಬೆರಳು ಮಡಚಲಿಲ್ಲ. ಹಗ್ಗ ಜಾರಿತು. ಮತ್ತೆ ಹಿಡಿದರು, ಮತ್ತೆ ಜಾರಿತು. ನಾನು ಒಳಗೆ ಹೋಗಿ ಹಿಟ್ಟಿನ ಡಬ್ಬಿಯ ಹಿಂದೆ ಕೂತು ಅತ್ತುಬಿಟ್ಟೆ.

ಅವರು ಮೂರು ಬೆರಳಲ್ಲಿ ನೇಯಲು ಕಲಿಯುವಷ್ಟರಲ್ಲಿ ಮಳೆಗಾಲ ಮುಗಿದಿತ್ತು. ಲಾಳಿಯ ಸಪ್ಪಳ ಮೊದಲಿನಂತಿರಲಿಲ್ಲ, ಎರಡಕ್ಕೊಮ್ಮೆ ತಡವರಿಸುತ್ತಿತ್ತು. ಅವರು ಒಂದು ದಿನವೂ ನನ್ನನ್ನು ಅನ್ನಲಿಲ್ಲ. ಆ ಸುಮ್ಮನಿರುವುದಕ್ಕೇ ನನಗೆ ಸಿಟ್ಟು ಬರುತ್ತಿತ್ತು, ಸಿಟ್ಟು ಬಂದದ್ದಕ್ಕೆ ನಾಚಿಕೆಯಾಗುತ್ತಿತ್ತು.

ಮುಂದಿನ ಸುಗ್ಗಿಗೆ ಹಿಂಡು ಬಂದಾಗ ಆಯಿ ತಾನಾಗಿಯೇ ಮನೆಗೆ ಬಂದಳು. ಕಣ್ಣು ಮುಚ್ಚಿ ಅವರ ಕೈ ನೋಡಿದಳು.

“ಎಲುಬು ಛಲೋ ಕೂಡೇತಿ. ಆ ಎರಡ ಬೆರಳು ಇನ್ನ ಬರೂದಿಲ್ಲ. ಖರೆ ಹೇಳಿಬಿಡತೇನಿ” ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು. “ನೀ ಯಾಕಂತ ಕೇಳಾಕಿ. ನಮ್ಮ ಮಂದ್ಯಾಗ ಕೇಳಾಕಿ ಯಾರೂ ಇಲ್ಲ. ಕುರಿ ಹಟ್ಟಿಗೆ ಬಾ, ಕಲಿ.”

“ನನ್ನ ಕೈಲೆ ಆಗೂದಿಲ್ಲ ಆಯಿ. ನೋಡೀರಲ್ಲ.”

“ನೋಡೇನಿ. ಅದಕ್ಕ ಕರೀತೇನಿ.”

ಹೋಗಲೆ ಬೇಡವೆ ಎಂದು ಅವರನ್ನು ಕೇಳಿದೆ. “ಹೋಗು. ಕುರಿಗೆ ಮಾತ್ರ ಹೊಸ ಸೀರಿ ಉಡಸಬ್ಯಾಡ” ಎಂದು ನಕ್ಕರು. ಎರಡು ಸುಗ್ಗಿ ಹಟ್ಟಿಗೆ ಹೋದೆ. ಕುಂಟುವ ಕುರಿಗಳ ಕಾಲು ಹಿಡಿದು ಕಣ್ಣು ಮುಚ್ಚಿ ಹುಡುಕುವುದನ್ನು ಕಲಿತೆ. ಒಗೆದು ಸವೆದ ಬಟ್ಟೆ, ಅದೂ ಒಮ್ಮೆ ತೊಯ್ಸಿ ಒಣಗಿಸಿದ್ದೇ ಆಗಬೇಕು, ಯಾಕೆಂದರೆ ಹೀಗೆ, ಎಂದು ಆಯಿ ತನ್ನ ಸೊಸೆಯಂದಿರಿಗೂ ಕಾರಣ ಸಮೇತ ಹೇಳುವುದನ್ನು ಕೇಳಿದೆ. ಆದರೆ ಮನುಷ್ಯರ ಕೈಯನ್ನು ಮುಟ್ಟುವ ಧೈರ್ಯ ನನಗಿರಲಿಲ್ಲ.

ಹಿಂಡು ಬಿಳಗಿಯ ಕಡೆ ಹೋಗಿದ್ದ ಒಂದು ದಿನ ಬನಹಟ್ಟಿಯಿಂದ ಕರೆ ಬಂತು. ನಮ್ಮಂಥದೇ ನೇಕಾರ ಮನೆಯ ಹೆಂಗಸು ಬಾವಿಯ ಮೆಟ್ಟಿಲಲ್ಲಿ ಬಿದ್ದು ಕೈ ಮುರಿದುಕೊಂಡಿದ್ದಳು. ಆಯಿಯ ಶಿಷ್ಯೆಯಾದರೂ ಬರಲಿ ಎಂದಿದ್ದರು. ಮಗ್ಗ ಬಿಟ್ಟು ಅವರೂ ನನ್ನ ಜೊತೆ ಬಂದರು. ನಾನು ಕಣ್ಣು ಮುಚ್ಚಿ ಎಲುಬನ್ನು ಹುಡುಕಿದೆ, ಸಿಕ್ಕಿತು. ಜಗ್ಗಿ ಕೂಡಿಸಿದೆ, ಕೂತಿತು. ಬಟ್ಟೆ ಕೇಳಿದಾಗ ಅವಳ ಅತ್ತೆ ಹೊಸದೊಂದು ತುಂಡನ್ನು ಹೆಮ್ಮೆಯಿಂದ ತಂದು ನನ್ನ ತೊಡೆಯ ಮೇಲಿಟ್ಟಳು.

ಅದು ಬೇಡ ಎನ್ನಲು ಬಾಯಿ ತೆರೆದೆ. ಆ ತುಂಡನ್ನು ಬೆರಳಲ್ಲಿ ಉಜ್ಜುತ್ತ ಕೂತೆ. ಆಗ ಅವರು ತಮ್ಮ ಬಲಗೈಯನ್ನು ಆ ಅತ್ತೆಯ ಮುಂದೆ ಹಿಡಿದು, ಮಡಚದ ಎರಡು ಬೆರಳು ತೋರಿಸಿದರು. “ಇದಕ್ಕ ಹೊಸ ಬಟ್ಟಿ ಕಟ್ಟಿದ್ರು ಯವ್ವಾ. ತೊಯ್ದು ಕುಗ್ಗಿ ಹಿಂಗಾತು. ಹಳೇದಿದ್ರ ತರ್ರಿ.”

ಕಟ್ಟಿದವರು ಯಾರೆಂದು ಅವರು ಹೇಳಲಿಲ್ಲ.

“ನಾನ ಕಟ್ಟಿದ್ದೆ” ಎಂದೆ.

ಆ ಮನೆಯ ಅತ್ತೆ ಸೊಸೆಯ ಮುಖ ನೋಡಿದಳು. ಸೊಸೆ ಅವರ ಬೆರಳು ನೋಡಿದಳು, ನನ್ನ ಮುಖ ನೋಡಿದಳು. ಆಮೇಲೆ ತನ್ನ ಮುರಿದ ಕೈಯನ್ನು ಇನ್ನೊಂದು ಕೈಯಿಂದ ಮೆಲ್ಲಗೆ ಎತ್ತಿ ನನ್ನ ತೊಡೆಯ ಮೇಲಿಟ್ಟಳು.