ತುಕ್ಕು ಕುದಿಸಿದ ಸೊಸೆ

ಕತ್ತರಿ ಮಾಡುವ ಆ ಮನೆಯ ಸೊಸೆಯನ್ನು ಬೀದಿಯವರೆಲ್ಲ ಕರೆಯುವುದು "ತುಕ್ಕು ಸೊಸೆ" ಎಂದೇ. ಈಗ ಬಾಯ್ತುಂಬ ಹಾಗೆ ಕರೆಯುತ್ತಾರೆ. ಮೊದಲು ಮೂಗು ಮುರಿದು ಕರೆದವರೂ ಇವರೇ, ಅದನ್ನು ನಾನಂತೂ ಮರೆಯುವವನಲ್ಲ.

ಮಾವನ ಕತ್ತರಿಗಳು ಹರಿತಕ್ಕೆ ಹೆಸರುವಾಸಿ. ಹೆಸರು ಕೆಡಿಸಿದ್ದು ಬಣ್ಣ. ತುಕ್ಕು ಹಿಡಿಯದಿರಲೆಂದು ಬಳಿದ ಕಪ್ಪು ಬಣ್ಣ ಬೇಗನೆ ಎದ್ದು, ಹೊಲಿಯಲು ಕೊಟ್ಟ ಬಿಳಿ ಬಟ್ಟೆಗಳ ಮೇಲೆಲ್ಲ ಕಲೆ ಮಾಡುತ್ತಿತ್ತು. ಬೀದಿಯ ದರ್ಜಿಗಳ ಹಿರಿಯ ಬಂದು ಕಡ್ಡಿ ಮುರಿದಂತೆ ಹೇಳಿದ: "ಇನ್ನೊಂದು ಸಲ ಕಲೆ ಆದ್ರೆ ನಾವ್ಯಾರೂ ಈ ಕಡೆ ತಲೆ ಹಾಕಲ್ಲ." ಮಾವ ಕೈಚೆಲ್ಲಿ ಕೂತರು. ಕುಲುಮೆ ಮುಚ್ಚಿ, ಜಾಗವನ್ನು ಎದುರಿನ ಸಿಮೆಂಟ್ ಅಂಗಡಿಯವನಿಗೆ ಗೋದಾಮು ಮಾಡಿಕೊಳ್ಳಲು ಬಿಟ್ಟುಕೊಡುವ ಮಾತೂ ನಡೆಯಿತು.

"ಒಂದು ಕತ್ತರಿ ನಂಗೆ ಕೊಡಿ ಮಾವ," ಎಂದಳು ಸೊಸೆ. "ಬಣ್ಣ ಬೇಡ. ತುಕ್ಕು ಹಿಡಿಸ್ತೀನಿ."

"ಇವಳಿಗೇನು ತಲೆ ಕೆಟ್ಟಿದ್ಯಾ?" ಎಂದು ಮಾವ ಮಗನನ್ನು ಕೇಳಿದರು. ಮಗ ಜಾಣ, ಕಿಟಕಿಯ ಕಡೆ ನೋಡಿದ.

ತಲೆ ಕೆಟ್ಟಿರಲಿಲ್ಲ. ಅವಳ ಅಪ್ಪ ಬಂದೂಕು ರಿಪೇರಿ ಮಾಡುತ್ತಿದ್ದರು. ನಳಿಗೆಗೆ ಬೇಕೆಂದೇ ತುಕ್ಕು ಹಿಡಿಸಿ, ನೀರಿನಲ್ಲಿ ಕುದಿಸಿ, ಅದಕ್ಕೆ ಕಪ್ಪು ಮೈ ತರುತ್ತಿದ್ದರು. ಮಗಳಿಗೆ ಮುಟ್ಟಲು ಬಿಡುತ್ತಿರಲಿಲ್ಲ. ಆದರೆ ನೋಡಬೇಡ ಎಂದೂ ಹೇಳಿರಲಿಲ್ಲವಲ್ಲ!

ಕತ್ತರಿಯ ಜಿಡ್ಡು ತೊಳೆದು, ಉಪ್ಪುನೀರು ಸವರಿ, ಬಚ್ಚಲಲ್ಲಿ ತೂಗುಹಾಕಿದಳು. ಬೆಳಗಾಗುವಷ್ಟರಲ್ಲಿ ನವಿರಾದ ಕೆಂಪು ತುಕ್ಕು ಬಂದಿತ್ತು. ಆದರೆ ಅವಳಿಗಿಂತ ಮೊದಲು ಎದ್ದಿದ್ದು ಅತ್ತೆ. ಆ ಅತ್ತೆಯೋ, ಪಾತ್ರೆಯ ತಳ ಸವೆಯುವವರೆಗೂ ಬಿಡುವವರಲ್ಲ. ನಿಂಬೆ ಹೋಳು, ಬೂದಿ ಹಾಕಿ ತಿಕ್ಕಿ, ಕತ್ತರಿಯನ್ನು ಫಳಫಳ ಹೊಳೆಸಿ ಇಟ್ಟಿದ್ದರು.

"ಒಳ್ಳೆ ಕತ್ತರಿ ಹಾಳಾಗೋಗ್ತಿತ್ತಲ್ಲೇ! ಹೆಂಗೆ ಮಾಡಿದ್ದೀನಿ ನೋಡು."

ಎರಡನೆಯ ಸಲ ಅಟ್ಟದ ಮೇಲೆ ಬಚ್ಚಿಟ್ಟಳು. ಅತ್ತೆ ಅಲ್ಲೂ ಬಿಡಲಿಲ್ಲ. ಅಂದು ಸೊಸೆ ಸಿಟ್ಟಿಗೆ ಅತ್ತಳು. ಅತ್ತದ್ದು ಒಳ್ಳೆಯದೇ ಆಯಿತು. ಮೂರನೆಯ ಸಲ ತುಕ್ಕು ಬಂದೊಡನೆ ಅತ್ತೆಯ ಕೈ ಹಿಡಿದು ಒಲೆಯ ಮುಂದೆಯೇ ಕೂರಿಸಿದಳು.

"ಸುಮ್ನೆ ನೋಡ್ತಾ ಇರಿ ಅತ್ತೆ. ಮುಟ್ಟಬೇಡಿ."

ಮಳೆನೀರು ಕೊತಕೊತ ಕುದಿಯಿತು. ಮುಳುಗಿದ್ದ ಕೆಂಪು ಕತ್ತರಿ ಕಂದಾಯಿತು. ಅತ್ತೆ ಕಣ್ಣುಜ್ಜಿಕೊಳ್ಳುವಷ್ಟರಲ್ಲಿ ಇನ್ನೂ ಕಪ್ಪಗಾಯಿತು.

"ನೀರಿಗೆ ಏನೋ ಹಾಕಿದ್ದೀಯ!"

"ಏನೂ ಇಲ್ಲ ಅತ್ತೆ, ಬರೀ ನೀರು."

ಕುದಿಸುವ ಮೊದಲು ಕೆರೆದಿಟ್ಟಿದ್ದ ಒಂದು ಚಿಟಿಕೆ ಕೆಂಪು ಪುಡಿಯ ಹತ್ತಿರ ಆಯಸ್ಕಾಂತ ಹಿಡಿದಳು. ಜಪ್ಪಯ್ಯ ಅಂದರೂ ಪುಡಿ ಅಲುಗಲಿಲ್ಲ. ಕುದಿಸಿದ ಕತ್ತರಿಯಿಂದ ಉಜ್ಜಿ ತೆಗೆದ ಕಪ್ಪು ಪುಡಿಗೆ ಹಿಡಿದಳು. ಪುಡಿ ಟಣ್ಣನೆ ನೆಗೆದು ಅಂಟಿಕೊಂಡಿತು. ಅದೇ ಕಬ್ಬಿಣ, ಅದೇ ಆಮ್ಲಜನಕ. ಪಾಲಿನಲ್ಲಿ ಕೊಂಚ ಹೆಚ್ಚುಕಮ್ಮಿಯಾಗಿ, ಕಣಗಳು ಕೂತ ವರಸೆ ಬದಲಾಗಿತ್ತು, ಅಷ್ಟೆ. ಕೆಂಪಾಗಿದ್ದಾಗ ಉದುರುತ್ತಿದ್ದದ್ದು, ಕಪ್ಪಾದ ಮೇಲೆ ಕಬ್ಬಿಣವನ್ನೇ ಕಚ್ಚಿ ಹಿಡಿದು ಕಾಯುತ್ತದೆ. ಅತ್ತೆ ಆ ಆಯಸ್ಕಾಂತವನ್ನು ಕಿತ್ತುಕೊಂಡು ತಾವೇ ಮತ್ತೆ ಮತ್ತೆ ಹಿಡಿದು ನೋಡಿದರು.

ಅಲ್ಲಿಂದ ಮುಂದೆ ಬಚ್ಚಲಿಗೆ ಅತ್ತೆಯದೇ ಕಾವಲು. "ಯಾರಾದ್ರೂ ನನ್ನ ತುಕ್ಕು ಮುಟ್ಟಿದ್ರೆ ನೋಡಿ!" ಎಂದು ಗಂಡನನ್ನೇ ಗದರಿದರು. ತುಕ್ಕು ಹಿಡಿಸುವುದು, ಕುದಿಸುವುದು, ಉಜ್ಜುವುದು. ಹೀಗೆ ಸುತ್ತಿನ ಮೇಲೆ ಸುತ್ತು ನಡೆದು ಕಪ್ಪು ಗಟ್ಟಿಯಾಯಿತು. ಕೊನೆಗೆ ಮಾವ ಅಲಗನ್ನು ಸಾಣೆ ಹಿಡಿದು, ಎಣ್ಣೆ ಒರೆಸಿ ಕೊಟ್ಟರು.

ಹಿರಿಯ ದರ್ಜಿ ಒದ್ದೆ ಬಿಳಿ ಬಟ್ಟೆ ಹಿಡಿದೇ ಬಂದ. ಕತ್ತರಿಯನ್ನು ಒರೆಸಿದ. ಬಟ್ಟೆ ಬೆಳ್ಳಗಿತ್ತು. ಹಲ್ಲು ಕಚ್ಚಿ ಉಜ್ಜಿದ, ಮಗ್ಗಲು ಬದಲಿಸಿ ಉಜ್ಜಿದ. ಬೆಳ್ಳಗೇ ಇತ್ತು. ಕೊನೆಗೆ ಅವನು ತನ್ನ ಚೀಲದಿಂದ ಬಿಳಿ ರೇಷ್ಮೆಯ ತುಂಡು ತೆಗೆದು, ಒಂದೇ ಎಳೆತಕ್ಕೆ ಉದ್ದಕ್ಕೂ ಕತ್ತರಿಸಿ, ಅಂಚನ್ನು ಬೆಳಕಿಗೆ ಹಿಡಿದ.

"ನಮ್ಮವರಿಗೆಲ್ಲ ಇಂಥದ್ದೇ ಬೇಕು," ಎಂದ. "ಯಾರು ಮಾಡಿದ್ದು?"

ಮಾವ ಎದ್ದು ಹೊಸಿಲಿಗೆ ಹೋಗಿ ನಿಂತು, ಎದುರಿನ ಸಿಮೆಂಟ್ ಅಂಗಡಿಗೆ ಮಾತ್ರವಲ್ಲ, ಇಡೀ ಬೀದಿಗೇ ಕೇಳುವಂತೆ ಕೂಗಿದರು:

"ಗೋದಾಮಿಗೆ ಬೇರೆ ಜಾಗ ನೋಡ್ಕೊಳ್ಳಪ್ಪಾ! ಇಲ್ಲಿ ನನ್ನ ಸೊಸೆ ಕೆಲಸ ಮಾಡ್ತಾಳೆ!"